ಬಾನೆಟ್ ಎತ್ತಿ ನೋಡಿದವರ ಕತೆ

ಆಯುಧಪೂಜೆಯ ದಿನ ನಮ್ಮ ಬೀದಿಯನ್ನು ನೋಡಬೇಕು. ಬೆಳಿಗ್ಗೆ ಏಳಕ್ಕೇ ಬಕೆಟ್ಟು, ಪೈಪು, ಹಳೇ ಬನಿಯನ್ನು ಹಿಡಿದುಕೊಂಡು ಎಲ್ಲರೂ ಗೇಟಿನಾಚೆ ಹಾಜರ್. ಕಾರಿನ ಮೈ ತೊಳೆದು, ವಿಭೂತಿ ಎಳೆದು, ಕುಂಕುಮ ಇಟ್ಟು, ಚೆಂಡುಹೂವಿನ ಹಾರ ಹಾಕಿ, ಬೂದುಗುಂಬಳಕಾಯಿ ಒಡೆದು, ನಾಲ್ಕು ಚಕ್ರಕ್ಕೆ ನಾಲ್ಕು ನಿಂಬೆಹಣ್ಣು ಇಟ್ಟು ಹತ್ತಿಸಿದರೆ ವರ್ಷದ ಲೆಕ್ಕ ಚುಕ್ತಾ. ಅಷ್ಟೆಲ್ಲಾ ಮಾಡಿದರೂ ಬಾನೆಟ್ ಮಾತ್ರ ಯಾರೂ ಎತ್ತುವುದಿಲ್ಲ. ನಾನೂ ಎತ್ತಿರಲಿಲ್ಲ.

ಅದಾಗಿ ಮೂರು ವಾರಕ್ಕೆ ಮಂಗಳೂರಿಂದ ಹಾಸನಕ್ಕೆ ವಾಪಸು ಬರುತ್ತಿದ್ದೆವು. ಹಿಂದಿನ ಸೀಟಿನಲ್ಲಿ ಅಮ್ಮ, ಅಜ್ಜಿ. ಗುಂಡ್ಯ ದಾಟಿ ಶಿರಾಡಿ ಘಾಟಿ ಹತ್ತುವಾಗ ಡ್ಯಾಶ್‌ಬೋರ್ಡಿನಲ್ಲಿ ಥರ್ಮಾಮೀಟರಿನ ಚಿತ್ರದ ಕೆಂಪು ದೀಪ ಹೊತ್ತಿಕೊಂಡಿತು. ಇನ್ನೇನು ಸಕಲೇಶಪುರ ಬಂದೇಬಿಡುತ್ತದೆ ಅಂತ ನಾನು ಇನ್ನೂ ಸ್ವಲ್ಪ ದೂರ ಓಡಿಸಿದೆ. ಆಮೇಲೆ ಗಾಡಿಯೇ ನಿಂತಿತು. ಕತ್ತಲೆ, ಸಣ್ಣ ಮಳೆ, ತಿರುವಿನಲ್ಲಿ ಪಕ್ಕದಲ್ಲೇ ಉಜ್ಜಿಕೊಂಡು ಹೋಗುವ ಟ್ಯಾಂಕರುಗಳು. ಎರಡೂವರೆ ಗಂಟೆ ಅಜ್ಜಿಯನ್ನು ಕಾರಿನಲ್ಲಿ ಕೂರಿಸಲೂ ಭಯ, ಇಳಿಸಲೂ ಭಯ. ಕೂಲಂಟ್ ಪೈಪಿನ ಜಾಯಿಂಟಿನಲ್ಲಿ ಎಷ್ಟೋ ದಿನದಿಂದ ಹನಿ ಹನಿ ಸೋರಿ ನೀರು ಖಾಲಿಯಾಗಿತ್ತು ಅಂತ ಮೆಕ್ಯಾನಿಕ್ ಹೇಳಿದ. ಹೆಡ್ ಗ್ಯಾಸ್ಕೆಟ್ ಹೋಗಿತ್ತು.

ಮನೆಗೆ ಬಂದಾಗ ಅಪ್ಪ ಬೈಯಲಿಲ್ಲ. ಒಂದೇ ಮಾತು ಕೇಳಿದರು. "ಡಬ್ಬದ ಮೇಲೆ ಗೆರೆ ಇರುತ್ತಲ್ಲೋ, ನೋಡ್ಲಿಲ್ವಾ?"

ಬೈದಿದ್ದರೇ ಚೆನ್ನಾಗಿತ್ತು. ನಾಲ್ಕು ವರ್ಷ ಇಂಜಿನಿಯರಿಂಗ್ ಓದಿದವನು ನಾನು. ಅಂತರ್ದಹನ ಯಂತ್ರದ ಆವರ್ತಗಳ ಚಿತ್ರ ಬರೆದು ಪಾಸಾದವನು. ನನ್ನ ಕಾರಿನ ಕೂಲಂಟ್ ಡಬ್ಬ ಎಲ್ಲಿದೆ ಅಂತ ಗೊತ್ತಿರಲಿಲ್ಲ. ಅಪ್ಪ ಓದಿದ್ದು ಬಿ.ಕಾಂ. ಅವರಿಗೆ ಗೊತ್ತಿತ್ತು. ಒಂದೇ ತಲೆಮಾರಿನಲ್ಲಿ ಈ ಜ್ಞಾನ ಎಲ್ಲಿ ಉದುರಿಹೋಯಿತು? ಗಾಡಿ ಓಡಿಸುವವನೇ ಗಾಡಿ ನೋಡಿಕೊಳ್ಳುವ ಪದ್ಧತಿ ಹೇಗೆ ಶುರುವಾಯಿತು, ಹೇಗೆ ಮರೆಯಾಯಿತು? ಆ ಪ್ರಶ್ನೆ ಹಿಡಿದು ಒಂದಷ್ಟು ದಿನ ಓದಿದೆ. ಓದಿದ್ದನ್ನು ಇಲ್ಲಿ ಹಂಚಿಕೊಳ್ಳುತ್ತಿದ್ದೇನೆ.

ಕತೆ ಶುರುವಾಗುವುದೇ ಒಬ್ಬ ಹೆಣ್ಣುಮಗಳಿಂದ. 1888ರ ಆಗಸ್ಟ್. ಜರ್ಮನಿಯ ಮಾನ್‌ಹೈಮ್ ಊರಿನ ಬರ್ತಾ ಬೆಂಜ್ ಗಂಡನಿಗೆ ಹೇಳದೆ, ಅವನೇ ಕಟ್ಟಿದ ಮೂರು ಚಕ್ರದ ಮೋಟಾರು ಗಾಡಿಯನ್ನು ಹೊರಗೆ ತಂದು, ಇಬ್ಬರು ಗಂಡುಮಕ್ಕಳನ್ನು ಕೂರಿಸಿಕೊಂಡು, ಫೋರ್ಟ್ಸ್‌ಹೈಮ್‌ನಲ್ಲಿದ್ದ ತವರಿಗೆ ಹೊರಟಳು. ಸುಮಾರು 100 ಕಿಲೋಮೀಟರ್ ದಾರಿ. ಮೋಟಾರು ಗಾಡಿಯಲ್ಲಿ ಅಷ್ಟು ದೂರ ಅದುವರೆಗೆ ಯಾರೂ ಹೋಗಿರಲಿಲ್ಲ. ಗಂಡ ಕಾರ್ಲ್ ಬೆಂಜ್ 1886ರಲ್ಲೇ ಪೇಟೆಂಟ್ ಪಡೆದಿದ್ದ, ಆದರೆ ಕೊಳ್ಳುವವರಿಗೆ ನಂಬಿಕೆ ಬಂದಿರಲಿಲ್ಲ.

ಆ ಪ್ರಯಾಣದಲ್ಲಿ ಏನೇನಾಯಿತು ನೋಡಿ. ಇಂಧನದ ಕೊಳವೆ ಕಟ್ಟಿಕೊಂಡಾಗ ಟೋಪಿಯ ಪಿನ್ನಿನಿಂದ ಚುಚ್ಚಿ ಬಿಡಿಸಿದಳು. ಇಗ್ನಿಷನ್ ತಂತಿ ಸವೆದು ತಾಗುತ್ತಿದ್ದಾಗ ಕಾಲುಚೀಲದ ಪಟ್ಟಿ ಬಿಚ್ಚಿ ಸುತ್ತಿದಳು. ಇಂಧನ ಮುಗಿದಾಗ ವೀಸ್‌ಲೋಖ್ ಎಂಬ ಊರಿನ ಔಷಧಿ ಅಂಗಡಿಯಲ್ಲಿ ಲಿಗ್ರೋಯಿನ್ ಎಂಬ ದ್ರಾವಕ ಕೊಂಡು ತುಂಬಿಸಿದಳು. ಇಂಜಿನ್ನಿನ ನೀರು ಆವಿಯಾಗಿ ಹೋಗುತ್ತಲೇ ಇತ್ತು, ದಾರಿಯುದ್ದಕ್ಕೂ ತುಂಬಿಸುತ್ತಲೇ ಇರಬೇಕಿತ್ತು. ಮರದ ಬ್ರೇಕ್ ಕಟ್ಟೆ ಸವೆದಾಗ ಚಮ್ಮಾರನೊಬ್ಬನ ಹತ್ತಿರ ಅದಕ್ಕೆ ಚರ್ಮ ಹೊಡೆಸಿದಳು. ಇವತ್ತಿನ ಬ್ರೇಕ್ ಲೈನಿಂಗ್‌ನ ಮೂಲ ಅದು!

ಇಂಧನ, ನೀರು, ವೈರಿಂಗ್, ಬ್ರೇಕ್. ಇವತ್ತಿಗೂ ಯಾವ ಕಾರಿನ ಮ್ಯಾನುಯಲ್ ತೆರೆದರೂ ಚಾಲಕ ನೋಡಬೇಕಾದ್ದರ ಪಟ್ಟಿಯಲ್ಲಿ ಇವು ಇದ್ದೇ ಇವೆ. ಆ ಪಟ್ಟಿಯನ್ನು ಯಾರೂ ಕುರ್ಚಿಯಲ್ಲಿ ಕೂತು ಬರೆದದ್ದಲ್ಲ. ಮೊದಲ ದೂರಪ್ರಯಾಣದಲ್ಲಿ ಏನೇನು ಕೈಕೊಟ್ಟಿತೋ ಅದೇ ಪಟ್ಟಿಯಾಯಿತು. ಅದರಲ್ಲಿ ಟಯರ್ ಇಲ್ಲ, ಯಾಕೆಂದರೆ ಆ ಗಾಡಿಗೆ ಗಾಳಿ ತುಂಬುವ ಟಯರೇ ಇರಲಿಲ್ಲ.

ಗಾಳಿ ಟಯರಿನ ಕತೆ ಬೇರೆ. 1888ರಲ್ಲೇ ಬೆಲ್‌ಫಾಸ್ಟಿನ ಪಶುವೈದ್ಯ ಜಾನ್ ಡನ್‌ಲಪ್ ಮಗನ ಮೂರು ಚಕ್ರದ ಸೈಕಲ್ಲಿಗೆ ಅದನ್ನು ಮಾಡಿದ. 1895ರ ಪ್ಯಾರಿಸ್-ಬೋರ್ಡೋ-ಪ್ಯಾರಿಸ್ ಓಟದಲ್ಲಿ ಮಿಷಲಿನ್ ಸಹೋದರರು ಗಾಳಿ ಟಯರು ಹಾಕಿದ ಕಾರು ಓಡಿಸಿ, ದಾರಿಯುದ್ದಕ್ಕೂ ಪಂಕ್ಚರ್ ಹಾಕಿಕೊಂಡು, ಕೊನೆಗೂ ಊರು ಮುಟ್ಟಿದರು. ಆಗಿನ ಕಾರುಗಳಲ್ಲಿ ಹೆಚ್ಚುವರಿ ಚಕ್ರ ಇಡುವ ಪದ್ಧತಿ ಇರಲಿಲ್ಲ. ಪಂಕ್ಚರ್ ಆದರೆ ರಸ್ತೆಯಲ್ಲೇ ಕೂತು ಟಯರು ಕಳಚಿ ಪ್ಯಾಚ್ ಹಾಕಬೇಕು. ಇದಕ್ಕೆ ಪರಿಹಾರ ಬಂದದ್ದು 1904ರಲ್ಲಿ, ವೇಲ್ಸಿನ ಲನೆಲ್ಲಿ ಎಂಬ ಊರಿನಿಂದ. ಡೇವಿಸ್ ಸಹೋದರರು ಗಾಳಿ ತುಂಬಿದ ಟಯರು ಹಾಕಿದ, ಕಡ್ಡಿಗಳಿಲ್ಲದ ಒಂದು ರಿಮ್ ಮಾಡಿ, ಅದನ್ನು ಪಂಕ್ಚರ್ ಆದ ಚಕ್ರದ ಪಕ್ಕಕ್ಕೆ ಕ್ಲಾಂಪ್ ಹಾಕಿ ಬಿಗಿಯುವ ಉಪಾಯ ಕಂಡುಹಿಡಿದರು. ಅವರ ಅಂಗಡಿ ಇದ್ದ ರಸ್ತೆಯ ಹೆಸರು ಸ್ಟೆಪ್ನಿ ಸ್ಟ್ರೀಟ್.

ಹೌದು, ನಮ್ಮ ಪಂಕ್ಚರ್ ಅಂಗಡಿಯವರು ದಿನಾ ಹೇಳುವ ಸ್ಟೆಪ್ನಿ ಅದೇ! ಬ್ರಿಟನ್ನಿನಲ್ಲಿ ಅದನ್ನು ಹಾಗೆ ಕರೆಯುವುದು ಎಂದೋ ನಿಂತಿತು, ನಮ್ಮಲ್ಲಿ ಉಳಿಯಿತು. ನೂರಿಪ್ಪತ್ತು ವರ್ಷದ ಹಿಂದಿನ ಒಂದು ಬೀದಿಯ ಹೆಸರನ್ನು ಡಿಕ್ಕಿಯಲ್ಲಿ ಇಟ್ಟುಕೊಂಡು ಓಡಾಡುತ್ತೇವೆ. ಅದರಲ್ಲಿ ಗಾಳಿ ಇದೆಯೋ ಇಲ್ಲವೋ ಅಂತ ಮಾತ್ರ ನೋಡುವುದಿಲ್ಲ :)

ಪದಗಳ ವಿಷಯ ಬಂದಾಗ ಇನ್ನೊಂದು. ಶೋಫರ್ ಎಂಬ ಮಾತು ಫ್ರೆಂಚಿನದು, ಅದರ ಮೂಲ ಅರ್ಥ ಕಾಯಿಸುವವನು, ಅಂದರೆ ಬೆಂಕಿ ಹಾಕುವವನು. ಉಗಿಯಂತ್ರದ ಕಾಲದ ಪದ. ಗಾಡಿ ಓಡುವ ಮೊದಲು ಬೆಂಕಿ ಹಾಕಿ, ನೀರು ನೋಡಿ, ಒತ್ತಡ ನೋಡಿ ಸಿದ್ಧ ಮಾಡುವವನೇ ಶೋಫರ್. ಓಡಿಸುವುದು ಆಮೇಲಿನ ಮಾತು.

ಸಾಮಾನ್ಯ ಜನರ ಕೈಗೆ ಕಾರು ಬಂದದ್ದು ಫೋರ್ಡ್ ಮಾಡೆಲ್ ಟಿ ಮೂಲಕ. 1908ರಿಂದ 1927ರವರೆಗೆ ಒಂದೂವರೆ ಕೋಟಿ ಕಾರುಗಳು. ಕೊಂಡವರಲ್ಲಿ ಅನೇಕರು ಅದುವರೆಗೆ ಕುದುರೆ ಬಿಟ್ಟು ಬೇರೇನೂ ಓಡಿಸದ ರೈತರು. ಆ ಕಾರಿನಲ್ಲಿ ಪೆಟ್ರೋಲ್ ಎಷ್ಟಿದೆ ಅಂತ ತೋರಿಸುವ ಮುಳ್ಳು ಇರಲಿಲ್ಲ. ಮುಂದಿನ ಸೀಟಿನ ಕೆಳಗೆ ಟ್ಯಾಂಕು. ಕೂತವರನ್ನು ಎಬ್ಬಿಸಿ, ಸೀಟು ಎತ್ತಿ, ಮುಚ್ಚಳ ತೆಗೆದು ಮರದ ಕಡ್ಡಿ ಅದ್ದಿ ನೋಡಬೇಕು. ಪೆಟ್ರೋಲ್ ಪಂಪೂ ಇರಲಿಲ್ಲ, ಟ್ಯಾಂಕಿನಿಂದ ತಾನಾಗಿ ಇಳಿದು ಬರಬೇಕು. ಟ್ಯಾಂಕಿನಲ್ಲಿ ಕಡಿಮೆ ಇದ್ದಾಗ ಕಡಿದಾದ ದಿಬ್ಬ ಸಿಕ್ಕಿದರೆ ರಿವರ್ಸ್ ಗೇರಿನಲ್ಲಿ ಹತ್ತಿಸುತ್ತಿದ್ದರು!

ಆಯಿಲ್ ನೋಡುವುದು ಇನ್ನೂ ಚೆಂದ. ಡಿಪ್‌ಸ್ಟಿಕ್ ಇರಲಿಲ್ಲ. ಇಂಜಿನ್ನಿನ ಅಡಿಯಲ್ಲಿ ಒಂದರ ಕೆಳಗೊಂದು ಎರಡು ಪುಟ್ಟ ನಲ್ಲಿಗಳು. ಕಾರಿನ ಕೆಳಗೆ ನುಸುಳಿ ಮೇಲಿನದನ್ನು ತಿರುಗಿಸಿದಾಗ ಆಯಿಲ್ ಬಂದರೆ ಸಾಕಷ್ಟಿದೆ. ಮೇಲಿನದರಲ್ಲಿ ಬಾರದೆ ಕೆಳಗಿನದರಲ್ಲಿ ಬಂದರೆ ಹಾಕಬೇಕು. ಕೆಳಗಿನದರಲ್ಲೂ ಬಾರದಿದ್ದರೆ ದೇವರೇ ಗತಿ. ಕಾರಿನ ಜೊತೆ ಕೊಡುತ್ತಿದ್ದ ಕೈಪಿಡಿ ಪ್ರಶ್ನೋತ್ತರ ರೂಪದಲ್ಲಿತ್ತು. ಕಾರು ಹೊರಡಿಸುವ ಮೊದಲು ಏನು ಮಾಡಬೇಕು ಎಂಬಲ್ಲಿಂದ ಅದು ಶುರು, ಉತ್ತರದಲ್ಲಿ ಮೊದಲು ಬರುವುದು ರೇಡಿಯೇಟರಿಗೆ ಶುದ್ಧ ನೀರು ತುಂಬುವ ಮಾತು. ನನ್ನ ಶಿರಾಡಿ ಪ್ರಸಂಗಕ್ಕೆ ನೂರು ವರ್ಷ ಮೊದಲೇ ಉತ್ತರ ಬರೆದಿಟ್ಟಿದ್ದರು ಅನ್ನಿ.

ಇಲ್ಲೊಂದು ಸಣ್ಣ ಸಂಗತಿ ನನಗೆ ಮುಖ್ಯ ಅನಿಸಿತು. ಆಗೆಲ್ಲಾ ಕಾರು ಸ್ಟಾರ್ಟ್ ಮಾಡಲು ಮುಂದೆ ನಿಂತು ಹ್ಯಾಂಡಲ್ ತಿರುಗಿಸಬೇಕಿತ್ತು. ಹ್ಯಾಂಡಲ್ ಹಿಂದಕ್ಕೆ ಹೊಡೆದು ಕೈ ಮುರಿದುಕೊಂಡವರು ಬಹಳ. 1912ರ ಮಾದರಿಯ ಕ್ಯಾಡಿಲಾಕ್‌ನಲ್ಲಿ ಚಾರ್ಲ್ಸ್ ಕೆಟರಿಂಗ್ ರೂಪಿಸಿದ ವಿದ್ಯುತ್ ಸ್ಟಾರ್ಟರ್ ಬಂತು. ದೊಡ್ಡ ಉಪಕಾರ, ಅನುಮಾನವೇ ಇಲ್ಲ. ಆದರೆ ಅದುವರೆಗೆ ಚಾಲಕ ದಿನಾ ಬೆಳಿಗ್ಗೆ ಕಾರಿನ ಮೂಗಿನ ಮುಂದೆ ನಿಲ್ಲುತ್ತಿದ್ದ. ರೇಡಿಯೇಟರ್ ಸೋರುತ್ತಿದ್ದರೆ ಅವನ ಕಾಲೇ ಒದ್ದೆಯಾಗುತ್ತಿತ್ತು. ಸ್ಟಾರ್ಟರ್ ಬಂದ ಮೇಲೆ ಅವನು ನೇರ ಬಾಗಿಲು ತೆಗೆದು ಒಳಗೆ ಕೂತ. ಮುಂದೆ ಹೋಗಿ ನಿಲ್ಲುವ ದಿನನಿತ್ಯದ ಕಾರಣ ಅಲ್ಲಿಗೆ ಮುಗಿಯಿತು.

ಆದರೂ ಅಭ್ಯಾಸ ಬೇಗ ಸಾಯಲಿಲ್ಲ. ಅದನ್ನು ಶಿಸ್ತಾಗಿ ಉಳಿಸಿದ್ದು ಯುದ್ಧ. ಎರಡನೇ ಮಹಾಯುದ್ಧದಲ್ಲಿ ಲಕ್ಷಾಂತರ ಟ್ರಕ್ಕು, ಜೀಪುಗಳು. ಅಮೆರಿಕದ ಸೇನೆ ದುರಸ್ತಿ ಕೆಲಸವನ್ನು ಮೆಟ್ಟಿಲುಗಳಾಗಿ ವಿಂಗಡಿಸಿತು. ಮೊದಲ ಮೆಟ್ಟಿಲು ಮೆಕ್ಯಾನಿಕ್ ಅಲ್ಲ, ಚಾಲಕ. ಹೊರಡುವ ಮುನ್ನ, ಓಡುವಾಗ, ನಡುವೆ ನಿಂತಾಗ, ಬಂದ ಮೇಲೆ, ಹೀಗೆ ಯಾವಾಗ ಏನು ನೋಡಬೇಕೆಂದು ಪಟ್ಟಿ. ಓದಿಗೆ ಬೇಸರಿಸುವ ಸೈನಿಕರಿಗೆ ಇದನ್ನು ಕಲಿಸಲು ವಿಲ್ ಐಸ್ನರ್ ಎಂಬ ಕಾಮಿಕ್ಸ್ ಕಲಾವಿದನನ್ನು ಹಚ್ಚಿದರು. ಅವನು ಜೋ ಡೋಪ್ ಎಂಬ ಪೆದ್ದ ಸೈನಿಕನ ಪಾತ್ರ ಬರೆದ. ನಿರ್ವಹಣೆ ಮಾಡದೆ ಗಾಡಿ ಕೆಡಿಸುವುದೇ ಆ ಪಾತ್ರದ ಕೆಲಸ. 1951ರಲ್ಲಿ ಸೇನೆಯ 'ಪಿಎಸ್' ಎಂಬ ನಿರ್ವಹಣಾ ಮಾಸಪತ್ರಿಕೆ ಶುರುವಾದಾಗಲೂ ಚಿತ್ರ ಬರೆದದ್ದು ಅವನೇ. ಇತ್ತ ಬ್ರಿಟನ್ನಿನಲ್ಲಿ 1945ರಲ್ಲಿ ಸೇನೆಯ ಮಹಿಳಾ ವಿಭಾಗ ಸೇರಿ ಚಕ್ರ ಬಿಚ್ಚುವುದು, ಇಂಜಿನ್ ನೋಡುವುದು ಕಲಿತ ಒಬ್ಬ ಹುಡುಗಿ ಮುಂದೆ ಎರಡನೇ ಎಲಿಜಬೆತ್ ರಾಣಿಯಾದಳು. ರಾಣಿಗೂ ಡಿಪ್‌ಸ್ಟಿಕ್ ಎಳೆದು ನೋಡಲು ಬರುತ್ತಿತ್ತು, ನನಗೆ ಬರುತ್ತಿರಲಿಲ್ಲ!

ಈಗ ನಮ್ಮೂರಿಗೆ ಬರೋಣ. ಅಂಬಾಸಿಡರ್ ಕಾರು 1950ರ ದಶಕದ ಕೊನೆಯಿಂದ 2014ರವರೆಗೆ ಪಶ್ಚಿಮ ಬಂಗಾಳದ ಉತ್ತರಪಾಡಾದಲ್ಲಿ ತಯಾರಾಯಿತು. ಮೂಲ ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್. ಅದು ಮತ್ತು ಫಿಯೆಟ್ ಮೂಲದ ಪ್ರೀಮಿಯರ್ ಪದ್ಮಿನಿ, ಇವೆರಡೇ ದಶಕಗಟ್ಟಲೆ ನಮ್ಮ ರಸ್ತೆಗಳ ರಾಜರು. ಅಪ್ಪನ ಹತ್ತಿರ ಇದ್ದದ್ದು ಸೆಕೆಂಡ್ ಹ್ಯಾಂಡ್ ಪದ್ಮಿನಿ. ನಾನು ಪ್ರೈಮರಿಯಲ್ಲಿದ್ದಾಗ ಧರ್ಮಸ್ಥಳಕ್ಕೆ ಹೊರಡುವುದೆಂದರೆ ಹಿಂದಿನ ಸಂಜೆಯೇ ಅಪ್ಪ ಬಾನೆಟ್ ಎತ್ತಿಟ್ಟು, ಆಯಿಲ್ ಕಡ್ಡಿ ಎಳೆದು, ಹಳೇ ಬಟ್ಟೆಯಲ್ಲಿ ಒರೆಸಿ, ಮತ್ತೆ ಅದ್ದಿ, ಬೆಳಕಿಗೆ ಹಿಡಿದು ನೋಡುತ್ತಿದ್ದರು. ಆಮೇಲೆ ರೇಡಿಯೇಟರ್, ಬ್ಯಾಟರಿಗೆ ಡಿಸ್ಟಿಲ್ಡ್ ವಾಟರ್, ಫ್ಯಾನ್ ಬೆಲ್ಟನ್ನು ಹೆಬ್ಬೆರಳಲ್ಲಿ ಒತ್ತಿ ಎಷ್ಟು ಸಡಿಲ ಇದೆ ಅಂತ ಪರೀಕ್ಷೆ. ಡಿಕ್ಕಿಯಲ್ಲಿ ಐದು ಲೀಟರಿನ ಕ್ಯಾನ್‌ನಲ್ಲಿ ನೀರು. ನಾನು ಟಾರ್ಚ್ ಹಿಡಿಯುವವನು. ಹಿಡಿದದ್ದಷ್ಟೇ, ನೋಡಲಿಲ್ಲ.

ಲಾರಿಗಳಲ್ಲಿ ಈ ಕೆಲಸಕ್ಕೇ ಒಬ್ಬ ಮನುಷ್ಯ ಇದ್ದ, ಕ್ಲೀನರ್. ಹೆಸರು ಕ್ಲೀನರ್ ಆದರೂ ಒರೆಸುವುದಷ್ಟೇ ಅವನ ಕೆಲಸವಲ್ಲ. ಹೆದ್ದಾರಿಯ ಡಾಬಾ ಮುಂದೆ ಲಾರಿ ನಿಂತಾಗ ಒಬ್ಬ ಹುಡುಗ ರಾಡು ಹಿಡಿದು ಒಂದೊಂದೇ ಟಯರಿಗೆ ಬಡಿಯುತ್ತಾ ಹೋಗುವುದನ್ನು ನೀವೂ ನೋಡಿರಬಹುದು. ಗಾಳಿ ತುಂಬಿದ ಟಯರು ಠಣ್ ಎಂದು ಪುಟಿಯುತ್ತದೆ, ಗಾಳಿ ಇಳಿದದ್ದು ಧೊಪ್ ಅನ್ನುತ್ತದೆ. ಜೋಡಿ ಟಯರುಗಳಲ್ಲಿ ಒಳಗಿನದು ಇಳಿದಿದ್ದರೆ ಕಣ್ಣಿಗೆ ಕಾಣುವುದಿಲ್ಲ, ಕಿವಿಗೇ ಗೊತ್ತಾಗಬೇಕು. ಸ್ಕೂಟರಿನವರದ್ದೂ ಇದೇ ಪಾಠ. ಪೆಟ್ರೋಲ್ ಮುಗಿದಾಗ ರಿಸರ್ವ್‌ಗೆ ತಿರುಗಿಸಿ, ಅದೂ ಮುಗಿದಾಗ ಗಾಡಿಯನ್ನು ಮಲಗಿಸಿ ಎಬ್ಬಿಸಿದ ನೆನಪು ಯಾರಿಗಿಲ್ಲ?

ಹಾಗಾದರೆ ನೋಡುವುದು ನಿಂತದ್ದು ಯಾವಾಗ? ಗಾಡಿ ತಾನೇ ಹೇಳಲು ಶುರು ಮಾಡಿದಾಗ. 1910ರ ದಶಕದಲ್ಲಿ ಬಾಯ್ಸ್ ಮೋಟೋಮೀಟರ್ ಎಂಬ ಥರ್ಮಾಮೀಟರನ್ನು ರೇಡಿಯೇಟರ್ ಮುಚ್ಚಳದ ಮೇಲೆ ಕೂರಿಸಿದರು, ಚಾಲಕ ಸೀಟಿನಿಂದಲೇ ನೋಡಬಹುದಿತ್ತು. ಆಮೇಲೆ ಮುಳ್ಳುಗಳು ಡ್ಯಾಶ್‌ಬೋರ್ಡಿಗೆ ಬಂದವು. 1930ರ ದಶಕದಲ್ಲಿ ಅಮೆರಿಕದ ಹಡ್ಸನ್ ಕಂಪನಿ ಮುಳ್ಳಿನ ಬದಲು ಕೆಂಪು ದೀಪ ಇಟ್ಟಿತು. ಕ್ರಮೇಣ ಎಲ್ಲರೂ ಅದನ್ನೇ ಹಿಡಿದರು. ಹಳಬರು ತಮಾಷೆಗೆ ಅದಕ್ಕೆ 'ಈಡಿಯಟ್ ಲೈಟ್' ಅಂತ ಹೆಸರಿಟ್ಟರು. ಮುಳ್ಳಾದರೆ ಏರುತ್ತಾ ಏರುತ್ತಾ ಎಚ್ಚರಿಸುತ್ತದೆ. ದೀಪಕ್ಕೆ ಎರಡೇ ಸ್ಥಿತಿ. ಎಲ್ಲಾ ಸರಿ, ಇಲ್ಲವೇ ಕೆಟ್ಟಿತು.

ಇಲ್ಲಿ ನಾನು ತಿಳಿಯದೇ ಇದ್ದ ಒಂದು ವಿಷಯ ಇದೆ, ನಿಮಗೂ ಉಪಯೋಗವಾದೀತು. ಆಯಿಲ್ ಡಬ್ಬಿಯ ಚಿತ್ರದ ಕೆಂಪು ದೀಪ ಇದೆಯಲ್ಲ, ಅದು ಸಾಮಾನ್ಯವಾಗಿ ಆಯಿಲ್ ಎಷ್ಟಿದೆ ಅಂತ ಹೇಳುವುದಿಲ್ಲ. ಆಯಿಲಿನ ಒತ್ತಡ ತೀರಾ ಇಳಿದಾಗ ಮಾತ್ರ ಹೊತ್ತುತ್ತದೆ. ಆಯಿಲ್ ಅರ್ಧ ಲೀಟರ್, ಒಂದು ಲೀಟರ್ ಕಡಿಮೆಯಾದರೂ ಪಂಪಿಗೆ ಸಿಗುವವರೆಗೆ ಒತ್ತಡ ಇರುತ್ತದೆ, ದೀಪ ಸುಮ್ಮನಿರುತ್ತದೆ. ಅದು ಹೊತ್ತುವ ಹೊತ್ತಿಗೆ ಒಳಗೆ ಲೋಹಕ್ಕೆ ಲೋಹ ಉಜ್ಜಲು ಶುರುವಾಗಿರಬಹುದು. ಕಡ್ಡಿಯಾದರೆ ವಾರಗಳ ಮೊದಲೇ ಹೇಳುತ್ತದೆ. ನಮ್ಮ ಸಾಫ್ಟ್‌ವೇರ್ ಭಾಷೆಯಲ್ಲಿ ಹೇಳುವುದಾದರೆ ಕಡ್ಡಿ ದಿನಾ ಓದಬೇಕಾದ ಲಾಗ್, ಕೆಂಪು ದೀಪ ಸರ್ವರ್ ಬಿದ್ದ ಮೇಲೆ ಬರುವ ಫೋನು.

ಟಯರಿನ ದೀಪದ ಕತೆಯೂ ಹಾಗೇ. 2000ದ ಆಗಸ್ಟಿನಲ್ಲಿ ಅಮೆರಿಕದಲ್ಲಿ ಫೈರ್‌ಸ್ಟೋನ್ ಕಂಪನಿ 65 ಲಕ್ಷ ಟಯರುಗಳನ್ನು ವಾಪಸು ಕರೆಯಿತು. ಫೋರ್ಡ್ ಎಕ್ಸ್‌ಪ್ಲೋರರ್ ಗಾಡಿಗಳಲ್ಲಿ ಓಡುತ್ತಿರುವಾಗಲೇ ಟಯರಿನ ಮೇಲ್ಪದರ ಕಿತ್ತುಬಂದು, ಗಾಡಿ ಉರುಳಿ ಇನ್ನೂರಕ್ಕೂ ಹೆಚ್ಚು ಜನ ಸತ್ತಿದ್ದರು. ತಪ್ಪು ಯಾರದು ಅಂತ ಎರಡು ಕಂಪನಿಗಳ ನಡುವೆ ದೊಡ್ಡ ಜಗಳ. ಫೋರ್ಡ್ ಸೂಚಿಸಿದ್ದ 26 ಪಿಎಸ್‌ಐ ಗಾಳಿ ಕಡಿಮೆಯಾಯಿತು ಎಂಬುದೂ ಆ ಜಗಳದ ಒಂದು ಎಳೆ. ಗಾಳಿ ಕಡಿಮೆಯಾದ ಟಯರು ಹೆಚ್ಚು ಮಡಚಿ ಬಿಚ್ಚಿ ಬಿಸಿಯಾಗುತ್ತದೆ, ಬಿಸಿಯೇ ಅದರ ಶತ್ರು. ಅದೇ ವರ್ಷ ನವೆಂಬರಿನಲ್ಲಿ ಹೊಸ ಕಾನೂನು ಬಂತು. ಅದರ ಫಲವಾಗಿ 2007ರ ಸೆಪ್ಟೆಂಬರಿನಿಂದ ಅಲ್ಲಿನ ಎಲ್ಲಾ ಹೊಸ ಕಾರುಗಳಿಗೆ ಗಾಳಿ ಕಡಿಮೆಯಾದರೆ ಹೊತ್ತುವ ದೀಪ ಕಡ್ಡಾಯವಾಯಿತು.

ಆದರೆ ಆ ನಿಯಮ ಕೇಳುವುದು, ಸೂಚಿಸಿದ ಒತ್ತಡಕ್ಕಿಂತ ಶೇಕಡಾ 25 ಇಳಿದಾಗ ದೀಪ ಹೊತ್ತಬೇಕು ಅಂತ. ಅಂದರೆ 32 ಪಿಎಸ್‌ಐ ಇರಬೇಕಾದ ಟಯರು 24ಕ್ಕೆ ಬರುವವರೆಗೆ ದೀಪ ಸುಮ್ಮನಿದ್ದರೂ ನಿಯಮದ ಪ್ರಕಾರ ಸರಿ. ದೀಪ ಇಲ್ಲ ಎಂದರೆ ಗಾಳಿ ಸರಿಯಿದೆ ಎಂದಲ್ಲ.

2000ದ ದಶಕದ ಮಧ್ಯದಲ್ಲಿ ಬಿಎಂಡಬ್ಲ್ಯೂ ಕೆಲವು ಇಂಜಿನ್‌ಗಳಿಂದ ಡಿಪ್‌ಸ್ಟಿಕ್ಕನ್ನೇ ತೆಗೆದುಹಾಕಿ ಸೆನ್ಸರ್ ಇಟ್ಟಿತು. ಅಂಥ ಕಾರಿನಲ್ಲಿ ಆಯಿಲ್ ನೋಡುವುದೆಂದರೆ ಪರದೆ ನೋಡುವುದು. ಇನ್ನು ಎಲೆಕ್ಟ್ರಿಕ್ ಕಾರಿಗೆ ಇಂಜಿನ್ ಆಯಿಲೇ ಬೇಡ. ಆದರೂ ಬ್ರೇಕ್ ಆಯಿಲ್, ವೈಪರ್, ದೀಪ, ಟಯರು ಅದಕ್ಕೂ ಇವೆ. ದೊಡ್ಡ ಬ್ಯಾಟರಿಯ ಭಾರ ಹೊರುವುದೂ ಆ ಟಯರುಗಳೇ. ಪಟ್ಟಿ ಸಣ್ಣದಾಗಿದೆ, ಖಾಲಿಯಾಗಿಲ್ಲ.

ನಾನು ಹಳೇ ಕಾಲವೇ ಚೆನ್ನಾಗಿತ್ತು ಅನ್ನುತ್ತಿಲ್ಲ. ದಾರಿಯುದ್ದಕ್ಕೂ ನೀರು ತುಂಬುವ ಕಾರು ಯಾರಿಗೂ ಬೇಡ. ಗಾಡಿಗಳು ಗಟ್ಟಿಯಾದದ್ದು ಒಳ್ಳೆಯದೇ. ಆದರೆ ಗಾಡಿ ಗಟ್ಟಿಯಾಗುತ್ತಾ ಹೋದ ಹಾಗೆ, ಅದು ಕೆಡುವುದೇ ಇಲ್ಲ ಅಂತ ನಾವು ಅಂದುಕೊಂಡೆವು. ಬರ್ತಾ ಬೆಂಜ್‌ಗೆ ತನ್ನ ಗಾಡಿ ಯಾವಾಗ ಬೇಕಾದರೂ ನಿಲ್ಲಬಹುದು ಅಂತ ಗೊತ್ತಿತ್ತು, ಅದಕ್ಕೇ ಊರು ಮುಟ್ಟಿದಳು. ನನಗೆ ಗೊತ್ತಿರಲಿಲ್ಲ, ಘಾಟಿಯಲ್ಲಿ ನಿಂತೆ.

ಈಗ ಹದಿನೈದು ದಿನಕ್ಕೊಮ್ಮೆ ಭಾನುವಾರ ಬೆಳಿಗ್ಗೆ ಇಂಜಿನ್ ತಣ್ಣಗಿರುವಾಗ ಇಷ್ಟು ನೋಡುತ್ತೇನೆ. ಸಮತಟ್ಟು ಜಾಗದಲ್ಲಿ ನಿಲ್ಲಿಸಿ ಆಯಿಲ್ ಕಡ್ಡಿ, ಎರಡು ಗುರುತಿನ ನಡುವೆ ಇರಬೇಕು. ಕೂಲಂಟ್ ಡಬ್ಬದ ಗೆರೆ. ಇಂಜಿನ್ ಬಿಸಿಯಿದ್ದಾಗ ಮುಚ್ಚಳ ತೆಗೆಯಬಾರದು, ಒಳಗಿನ ಒತ್ತಡಕ್ಕೆ ಕುದಿನೀರು ಮುಖಕ್ಕೇ ಚಿಮ್ಮುತ್ತದೆ. ಬ್ರೇಕ್ ಆಯಿಲ್ ಡಬ್ಬ. ಪ್ಯಾಡ್ ಸವೆದ ಹಾಗೆ ಅದು ನಿಧಾನಕ್ಕೆ ಇಳಿಯುತ್ತದೆ, ಬೇಗ ಇಳಿದರೆ ಎಲ್ಲೋ ಸೋರುತ್ತಿದೆ ಎಂದರ್ಥ, ಗಾಡಿ ಓಡಿಸದೆ ಮೆಕ್ಯಾನಿಕ್ಕನ್ನೇ ಕರೆಸಬೇಕು. ಟಯರುಗಳಿಗೆ ಗಾಳಿ, ಸ್ಟೆಪ್ನಿಗೂ ಸೇರಿಸಿ. ಎಷ್ಟು ಬೇಕೆಂಬ ಚೀಟಿ ಸಾಮಾನ್ಯವಾಗಿ ಡ್ರೈವರ್ ಬಾಗಿಲಿನ ಪಕ್ಕದಲ್ಲೇ ಅಂಟಿಸಿರುತ್ತದೆ. ಟಯರಿನ ಗೆರೆಗಳ ನಡುವೆ ಸಣ್ಣ ಉಬ್ಬುಗಳಿರುತ್ತವೆ, 1.6 ಮಿಲಿಮೀಟರ್ ಎತ್ತರ. ಟಯರು ಅವುಗಳ ಮಟ್ಟಕ್ಕೆ ಸವೆದರೆ ಬದಲಿಸುವ ಕಾಲ ಬಂತು. ಕೊನೆಗೆ ದೀಪಗಳು, ಬ್ರೇಕ್ ಲೈಟಿಗೆ ಮಾತ್ರ ಹಿಂದೆ ನಿಂತು ನೋಡಲು ಇನ್ನೊಬ್ಬರು ಬೇಕು. ಎಲ್ಲಾ ಸೇರಿ ಹತ್ತು ನಿಮಿಷ.

ಆ ಇನ್ನೊಬ್ಬರು, ಊರಿಗೆ ಹೋದಾಗ, ಅಪ್ಪ. ಹೋದ ಸಲ ನಾನು ಕಡ್ಡಿ ಎಳೆದು ಒರೆಸದೆಯೇ ಬೆಳಕಿಗೆ ಹಿಡಿದಿದ್ದೆ. ಟಾರ್ಚ್ ಹಿಡಿದು ನಿಂತಿದ್ದ ಅಪ್ಪ, "ಮೊದ್ಲು ಒರೆಸೋ, ಆಮೇಲೆ ಅದ್ದಿ ನೋಡೋ," ಅಂದರು. ಒರೆಸಿ, ಅದ್ದಿ, ನೋಡಿದೆ. ಮೇಲಿನ ಗುರುತಿಗಿಂತ ಒಂದು ಬೆರಳು ಕೆಳಗಿತ್ತು.

ನಿಮ್ಮ ಕಾರಿನದ್ದು ಎಲ್ಲಿದೆ? ಒಮ್ಮೆ ಎತ್ತಿ ನೋಡಿ ಬನ್ನಿ, ಆಮೇಲೆ ಮಾತಾಡೋಣ.